ರಾಜನ ಮುಖ, ಪ್ರಜೆಯ ಗೆರೆ

ಬೆಳಿಗ್ಗೆಯೇ ಶಿವಾಜಿನಗರಕ್ಕೆ ಬನ್ನಿ. ರಸೆಲ್ ಮಾರ್ಕೆಟ್ಟಿನ ಬಾಗಿಲಲ್ಲಿ ಹೂವಿನವರ ಕೂಗು, ಒದ್ದೆ ನೆಲ, ತಲೆಯ ಮೇಲೆ ಬುಟ್ಟಿ ಹೊತ್ತು "ಸೈಡು, ಸೈಡು" ಎನ್ನುತ್ತ ನುಗ್ಗುವ ಹಮಾಲರು. ಇವರ ನಡುವೆ ದಾರಿ ಮಾಡಿಕೊಂಡು ಹಣ್ಣಿನ ಸಾಲಿಗೆ ಹೋಗಿ. ಕಾಲವಿದ್ದರೆ ಸೇಬು, ದಾಳಿಂಬೆಗಳ ಪಕ್ಕದಲ್ಲಿ ಬೇರಿಕಾಯಿ ಗುಡ್ಡೆ ಹಾಕಿರುತ್ತಾರೆ. ಒಂದನ್ನು ಆರಿಸಿ, ತೊಟ್ಟು ಮೇಲಾಗುವಂತೆ ಅಂಗೈ ಮೇಲೆ ನಿಲ್ಲಿಸಿ ನೋಡಿ. ನೆತ್ತಿ ಕಿರಿದು, ಕೆಳಗಿಳಿದಂತೆ ಅಗಲ. ಮನಸ್ಸಿನಲ್ಲೇ ಅದಕ್ಕೆ ಎರಡು ಕಣ್ಣು, ಒಂದು ಮೂಗು, ಬಿಗಿದ ತುಟಿ ಬರೆಯಿರಿ. ಕೆನ್ನೆ ಜೋತುಬಿದ್ದ, ಹಣೆ ಚೂಪಾದ ದೊಡ್ಡ ಮನುಷ್ಯನೊಬ್ಬ ನಿಮ್ಮ ಅಂಗೈಯಲ್ಲಿ ಕೂತಿರುತ್ತಾನೆ.

ಈ ಮುಖ ಬರೆದದ್ದಕ್ಕೆ ಒಂದು ದೇಶದಲ್ಲಿ ಕೋರ್ಟು ಕೂಡಿತ್ತು, ಜೈಲಾಗಿತ್ತು, ಹೊಸ ಕಾನೂನೇ ಬಂದಿತ್ತು. ಮಾರ್ಕೆಟ್ಟಿನಿಂದ ಹೊರಗೆ ಬಂದು ತಲೆ ಎತ್ತಿದರೆ ಸಂತ ಮೇರಿ ಬೆಸಿಲಿಕಾದ ಎತ್ತರದ ಗೋಪುರ ಕಾಣುತ್ತದೆ. ಕ್ಲೈನರ್ ಪಾದ್ರಿಗಳು ಕಟ್ಟಿಸಿದ ಆ ಇಗರ್ಜಿಗೆ ಪ್ರತಿಷ್ಠೆಯಾದದ್ದು 1882ರಲ್ಲಿ. ಈ ಸೀಮೆಯ ಕ್ರೈಸ್ತ ಸಭೆಯನ್ನು ಆಗ ನಡೆಸುತ್ತಿದ್ದವರು ಪ್ಯಾರಿಸ್ಸಿನ ಮಿಷನರಿಗಳು. ಆ ಗೋಪುರಕ್ಕೂ ಐವತ್ತು ವರ್ಷ ಹಿಂದೆ, ಅದೇ ಪ್ಯಾರಿಸ್ಸಿಗೆ ಹೋಗೋಣ.

1831ರ ನವೆಂಬರ್ 14. ಕೋರ್ಟಿನ ಕೊಠಡಿ ತುಂಬಿದೆ. ಕಟಕಟೆಯಲ್ಲಿ ನಿಂತಿರುವವನು ಶಾರ್ಲ್ ಫಿಲಿಪೋನ್, 'ಲಾ ಕಾರಿಕಾತ್ಯೂರ್' ವಾರಪತ್ರಿಕೆಯ ಸಂಪಾದಕ. ಹಿಂದಿನ ವರ್ಷದ ಜುಲೈ ತಿಂಗಳಲ್ಲಿ ಮೂರು ದಿನ ಬೀದಿಯಲ್ಲಿ ಹೋರಾಡಿ ಜನ ಹಳೆಯ ದೊರೆಯನ್ನು ಓಡಿಸಿದ್ದಾರೆ. ಹೊಸದಾಗಿ ಪಟ್ಟಕ್ಕೆ ಬಂದ ಲೂಯಿ ಫಿಲಿಪ್ ತಾನು ಪ್ರಜೆಗಳ ರಾಜ ಎಂದಿದ್ದಾನೆ. ಪತ್ರಿಕೆಗಳ ಮೇಲೆ ಸೆನ್ಸಾರ್ ಇನ್ನೆಂದೂ ಬರುವುದಿಲ್ಲ ಎಂದು ಸಂವಿಧಾನದ ಪತ್ರದಲ್ಲೇ ಬರೆಯಲಾಗಿದೆ. ಶಾಯಿ ಆರಿ ಒಂದೂವರೆ ವರ್ಷವೂ ಆಗಿಲ್ಲ, ಗಾರೆ ಕೆಲಸದವನ ವೇಷದಲ್ಲಿ ರಾಜ ಜುಲೈ ಕ್ರಾಂತಿಯ ಗುರುತುಗಳಿಗೆ ಸುಣ್ಣ ಬಳಿಯುವ ಚಿತ್ರ ಅಚ್ಚು ಹಾಕಿದ್ದಕ್ಕೆ ಫಿಲಿಪೋನ್ ಆರೋಪಿಯಾಗಿ ನಿಂತಿದ್ದಾನೆ.

ಅವನು ವಾದಕ್ಕೆ ಮಾತಿನ ಜೊತೆ ಚಿತ್ರವನ್ನೂ ಬಳಸುತ್ತಾನೆ. ಒಂದರ ಪಕ್ಕ ಒಂದು, ನಾಲ್ಕು ಚಿತ್ರ. ಮೊದಲನೆಯದು ರಾಜನ ಮುಖ, ಇದ್ದದ್ದು ಇದ್ದಹಾಗೆ. ಎರಡನೆಯದರಲ್ಲಿ ಕೆನ್ನೆ ಸ್ವಲ್ಪ ಇಳಿದಿದೆ. ಮೂರನೆಯದರಲ್ಲಿ ತಲೆಗೂದಲು ತೊಟ್ಟಿನ ಹಾಗೆ ಎದ್ದಿದೆ. ನಾಲ್ಕನೆಯದು ಬರೀ ಬೇರಿಕಾಯಿ. ರಾಜನಿಗೆ ಹೋಲುತ್ತದೆ ಎಂದು ಮೊದಲನೆಯದಕ್ಕೆ ಶಿಕ್ಷೆ ಕೊಟ್ಟರೆ, ಅದನ್ನು ಹೋಲುವ ಎರಡನೆಯದಕ್ಕೂ ಕೊಡಬೇಕು, ಹಾಗೆಯೇ ಮೂರನೆಯದಕ್ಕೂ, ಕೊನೆಗೆ ಮರದ ಮೇಲಿನ ಕಾಯಿಯನ್ನೂ ಅಪರಾಧಿ ಮಾಡಬೇಕಾಗುತ್ತದೆ. ಎಲ್ಲಿ ನಿಲ್ಲಿಸುತ್ತೀರಿ? ಇದು ಅವನ ಪ್ರಶ್ನೆ. ಜನ ನಗುತ್ತಾರೆ, ಕೋರ್ಟು ನಗುವುದಿಲ್ಲ. ಆರು ತಿಂಗಳ ಜೈಲು ಮತ್ತು ದಂಡ.

ಆದರೆ ಕಾಯಿ ಕೋರ್ಟಿನಿಂದ ತಪ್ಪಿಸಿಕೊಂಡು ಬೀದಿಗೆ ಬಂದುಬಿಟ್ಟಿತು. ಪ್ಯಾರಿಸ್ಸಿನ ಗೋಡೆಗಳ ಮೇಲೆ ಹುಡುಗರು ಇದ್ದಿಲಿನಲ್ಲಿ ಬೇರಿಕಾಯಿ ಗೀಚತೊಡಗಿದರು. ಹೆಸರು ಬೇಡ, ಅಡಿಬರಹ ಬೇಡ, ಕಾಯಿಯೊಂದು ಸಾಕು, ಎಲ್ಲರಿಗೂ ಅರ್ಥವಾಗುತ್ತಿತ್ತು. 1834ರಲ್ಲಿ ಫಿಲಿಪೋನ್‌ನ ದಿನಪತ್ರಿಕೆ 'ಲೆ ಶಾರಿವಾರಿ'ಗೆ ವಿರುದ್ಧವಾಗಿ ಮತ್ತೊಂದು ತೀರ್ಪು ಬಂದು, ಅದನ್ನು ಮುಖಪುಟದಲ್ಲೇ ಪ್ರಕಟಿಸಬೇಕೆಂಬ ಆದೇಶವಾದಾಗ ಪತ್ರಿಕೆ ಅಕ್ಷರಶಃ ಪಾಲಿಸಿತು. ತೀರ್ಪಿನ ಪಠ್ಯವನ್ನು ಒಂದಕ್ಷರ ಬಿಡದೆ ಜೋಡಿಸಿದರು. ಸಾಲುಗಳು ಮೇಲೆ ಗಿಡ್ಡ, ಕೆಳಗೆ ಉದ್ದ. ಅಚ್ಚುಮೊಳೆಗಳೇ ಸೇರಿ ಬೇರಿಕಾಯಿಯಾದವು.

ಈಗ ಮತ್ತೆ 1831ಕ್ಕೆ ಮರಳಿ, ಪ್ಯಾರಿಸ್ಸಿನ ಒಂದು ಅಚ್ಚುಕೂಟದ ಒಳಗೆ ಬನ್ನಿ. ಎಣ್ಣೆ, ಶಾಯಿ, ಒದ್ದೆ ಕಾಗದದ ವಾಸನೆ. ಕಿಟಕಿಯ ಬೆಳಕಿಗೆ ಎದುರಾಗಿ ಇಪ್ಪತ್ತಮೂರು ವರ್ಷದ ತರುಣ ಬಗ್ಗಿ ಕೂತಿದ್ದಾನೆ. ಹೆಸರು ಓನೊರೆ ದೋಮಿಯೆ. ಮಾರ್ಸೇಯ್ ಊರಿನವನು, ಬಡವರ ಮನೆಯ ಹುಡುಗ, ಕೋರ್ಟಿನ ಅಮೀನನ ಬಳಿ ಓಡಾಟದ ಕೆಲಸ ಮಾಡಿ ವಕೀಲರನ್ನೂ ಕಕ್ಷಿದಾರರನ್ನೂ ಹತ್ತಿರದಿಂದ ಕಂಡವನು. ಅವನ ಮುಂದೆ ಕಾಗದವಿಲ್ಲ, ಒಂದು ಕಲ್ಲಿದೆ. ಬವೇರಿಯಾದ ಗಣಿಯಿಂದ ಬಂದ ನುಣುಪಾದ ಸುಣ್ಣಕಲ್ಲು. ಅದರ ಮೇಲೆ ಜಿಡ್ಡಿನ ಕಡ್ಡಿಯಿಂದ ಅವನು ಬರೆಯುತ್ತಿದ್ದಾನೆ. ಎಡಕ್ಕಿರಬೇಕಾದದ್ದು ಬಲಕ್ಕೆ, ಬಲಕ್ಕಿರಬೇಕಾದದ್ದು ಎಡಕ್ಕೆ, ಯಾಕೆಂದರೆ ಕಾಗದದ ಮೇಲೆ ಎಲ್ಲವೂ ತಿರುಗಿ ಮೂಡುತ್ತದೆ.

ಬರೆದು ಮುಗಿದ ಕಲ್ಲಿಗೆ ಅಂಟು ಮತ್ತು ಸ್ವಲ್ಪ ಆಮ್ಲ ಬೆರೆಸಿದ ದ್ರಾವಣ ಬಳಿಯುತ್ತಾರೆ. ಆಮೇಲೆ ನೀರು ಸವರುತ್ತಾರೆ. ಜಿಡ್ಡು ಇದ್ದಲ್ಲಿ ನೀರು ನಿಲ್ಲುವುದಿಲ್ಲ, ನೀರು ನಿಂತಲ್ಲಿ ಶಾಯಿ ಹಿಡಿಯುವುದಿಲ್ಲ. ಶಾಯಿಯ ರೋಲರ್ ಉರುಳಿಸಿದಾಗ ಗೆರೆ ಮಾತ್ರ ಕಪ್ಪಾಗುತ್ತದೆ. ಕಾಗದ ಹಾಸಿ ಒತ್ತು ಕೊಟ್ಟು ಎತ್ತಿದರೆ ಕೈಬರಹದ ನಡುಕವೂ ಬಿಡದಂತೆ ಚಿತ್ರ ಬಂದಿರುತ್ತದೆ. ತಾಮ್ರದ ತಗಡಿನ ಮೇಲೆ ಕೊರೆಯುವ ಹಳೆಯ ಪದ್ಧತಿಗೆ ದಿನಗಟ್ಟಲೆ ಹಿಡಿಯುತ್ತಿತ್ತು, ಕೊರೆಯುವವನೂ ಬೇರೆ ಬೇಕಾಗುತ್ತಿತ್ತು. ಕಲ್ಲಚ್ಚಿನಲ್ಲಿ ಬೆಳಿಗ್ಗೆ ಸಂಸತ್ತಿನಲ್ಲಿ ಕಂಡ ಮುಖವನ್ನು ಸಂಜೆಗೆ ಕಲ್ಲಿನ ಮೇಲೆ ತರಬಹುದು, ಸಾವಿರಾರು ಪ್ರತಿ ತೆಗೆಯಬಹುದು. ರಾಜಕೀಯ ವ್ಯಂಗ್ಯಚಿತ್ರ ದಿನದ ಸುದ್ದಿಗೆ ಹೆಗಲು ಕೊಟ್ಟು ನಡೆಯಲು ಶುರುಮಾಡಿದ್ದು ಈ ಕಲ್ಲಿನಿಂದ. 1832ರ ಡಿಸೆಂಬರಿನಿಂದ 'ಶಾರಿವಾರಿ' ದಿನಕ್ಕೊಂದು ಹೊಸ ಚಿತ್ರ ಕೊಡತೊಡಗಿತು.

ಇದೇ ಕಲ್ಲಚ್ಚು ಕನ್ನಡಕ್ಕೂ ಬೇಗನೆ ಬಂತು. ಬಾಸೆಲ್ ಮಿಷನ್ 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣ ಆರಂಭಿಸಿತು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ 'ಮಂಗಳೂರ ಸಮಾಚಾರ', ಕನ್ನಡದ ಮೊದಲ ಪತ್ರಿಕೆ, ಅಚ್ಚಾದದ್ದು ಕಲ್ಲಿನ ಮೇಲೆಯೇ. ದೋಮಿಯೆ ಪ್ಯಾರಿಸ್ಸಿನಲ್ಲಿ ಕಲ್ಲಿನ ಮೇಲೆ ಮುಖ ಬರೆಯುತ್ತಿದ್ದ ವರ್ಷಗಳಲ್ಲೇ ಮಂಗಳೂರಿನಲ್ಲಿ ಕನ್ನಡದ ಸುದ್ದಿ ಕಲ್ಲಿನಿಂದ ಕಾಗದಕ್ಕೆ ಇಳಿಯುತ್ತಿತ್ತು.

ದೋಮಿಯೆಯ ಕಲ್ಲಿನ ಕಡೆ ಮತ್ತೆ ನೋಡಿ. 1831ರ ಡಿಸೆಂಬರ್. ಅವನು ರಾಜನನ್ನು ದೈತ್ಯನಾಗಿ ಕೂರಿಸಿದ್ದಾನೆ. ಬಾಯಿಗೆ ಒಂದು ಹಲಗೆ ಚಾಚಿದೆ. ಬಡವರು ಬುಟ್ಟಿಗೆ ಕಾಸು ಸುರಿಯುತ್ತಾರೆ, ಆಳುಗಳು ಬುಟ್ಟಿ ಹೊತ್ತು ಹಲಗೆ ಹತ್ತುತ್ತಾರೆ, ದೈತ್ಯ ನುಂಗುತ್ತಾನೆ. ಆಸನದ ಕೆಳಗಿನಿಂದ ಹೊರಬೀಳುವುದು ಬಿರುದು, ಪದಕ, ನೇಮಕಾತಿ ಪತ್ರಗಳು, ಅವನ್ನು ಆಯ್ದುಕೊಳ್ಳಲು ಕಾದಿರುವ ದೊಡ್ಡವರು. ತೆರಿಗೆಯ ಹಣ ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಎಂಬುದನ್ನು ಓದು ಬಾರದವನಿಗೂ ತಿಳಿಸುವ ಚಿತ್ರ 'ಗಾರ್ಗಾಂತುವಾ'. ಸರ್ಕಾರ ಕಲ್ಲನ್ನೂ ಸಿಕ್ಕ ಪ್ರತಿಗಳನ್ನೂ ನಾಶಮಾಡಲು ಹೇಳಿತು. ಆರು ತಿಂಗಳ ಶಿಕ್ಷೆಯಾಯಿತು. 1832ರ ಆಗಸ್ಟಿನಲ್ಲಿ ದೋಮಿಯೆಯನ್ನು ಹಿಡಿದು ಸೇಂಟ್ ಪೆಲಾಜಿ ಜೈಲಿಗೆ ಹಾಕಿದರು.

ಹೊರಬಂದವನು ಸುಮ್ಮನಾಗಲಿಲ್ಲ. ಅವನು ಜನಪ್ರತಿನಿಧಿಗಳನ್ನು ನೋಡಿ ಬಂದು, ನೆನಪಿನಿಂದ ಜೇಡಿಮಣ್ಣಿನಲ್ಲಿ ಅವರ ತಲೆ ಮಾಡಿ ಬಣ್ಣ ಹಚ್ಚಿ ಇಟ್ಟುಕೊಳ್ಳುತ್ತಿದ್ದ. ಮೂವತ್ತಾರು ತಲೆಗಳು ಇಂದಿಗೂ ಪ್ಯಾರಿಸ್ಸಿನ ಓರ್ಸೆ ವಸ್ತುಸಂಗ್ರಹಾಲಯದಲ್ಲಿವೆ. ಮುಖವನ್ನು ಮುಂದಿನಿಂದ, ಪಕ್ಕದಿಂದ, ಕೆಳಗಿನಿಂದ ಅರಿತ ಮೇಲೆ ಅವನು ಕಲ್ಲಿಗೆ ಕೈ ಹಾಕುತ್ತಿದ್ದ. ಉತ್ಪ್ರೇಕ್ಷೆ ಮಾಡುವವನು ಮೊದಲು ನಿಜವನ್ನು ಇಂಚಿಂಚಾಗಿ ತಿಳಿದಿರಬೇಕು. ಮೂಗು ದೊಡ್ಡದು ಮಾಡುವುದು ಯಾರಿಗೂ ಬರುತ್ತದೆ. ಆ ಮೂಗಿನಲ್ಲಿ ಆ ಮನುಷ್ಯನ ಸೊಕ್ಕನ್ನೋ ಹೆದರಿಕೆಯನ್ನೋ ಹಿಡಿಯುವುದು ಕಲಾವಿದನಿಗೆ ಮಾತ್ರ ಬರುತ್ತದೆ.

ಇನ್ನು ಒಂದು ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಇದರಲ್ಲಿ ನಗು ಇಲ್ಲ. 1834ರ ಏಪ್ರಿಲ್ ತಿಂಗಳು. ಲಿಯೋನ್ ಊರಿನ ರೇಷ್ಮೆ ನೇಕಾರರ ದಂಗೆಯ ಕಾವು ಪ್ಯಾರಿಸ್ಸಿಗೂ ತಟ್ಟಿದೆ, ಬೀದಿಗಳಿಗೆ ಅಡ್ಡಗಟ್ಟೆ ಬಿದ್ದಿದೆ. ಟ್ರಾನ್ಸ್‌ನೊನೇನ್ ಬೀದಿಯ 12ನೇ ನಂಬರಿನ ಮನೆಯಿಂದ ಗುಂಡು ಹಾರಿತೆಂದು ಸೈನಿಕರು ಒಳನುಗ್ಗಿ, ನಿವಾಸಿಗಳನ್ನು ಕೊಂದರು. ದೋಮಿಯೆ ಬರೆದದ್ದು ಕೊಂದವರು ಹೋದ ಮೇಲಿನ ಕೋಣೆ. ಮಂಚಕ್ಕೆ ಒರಗಿ ಜಾರಿದ ಗಂಡಸು, ಮೈಮೇಲೆ ರಾತ್ರಿಯಂಗಿ. ಅವನ ಮೈಯಡಿ ಸಿಕ್ಕಿದ ಒಂದು ಮಗು. ಆಚೆ ನೆರಳಿನಲ್ಲಿ ಒಬ್ಬ ಹೆಂಗಸು, ಈಚೆ ಅಂಚಿನಲ್ಲಿ ಒಬ್ಬ ಮುದುಕನ ತಲೆ. ಒಬ್ಬ ಸೈನಿಕನೂ ಇಲ್ಲ, ಒಬ್ಬ ಮಂತ್ರಿಯೂ ಇಲ್ಲ. ಅಡಿಯಲ್ಲಿ ಬೀದಿಯ ಹೆಸರು, ತಾರೀಖು, ಅಷ್ಟೇ.

ಈ ಚಿತ್ರವನ್ನು ಫಿಲಿಪೋನ್ ಹಂಚಿದ್ದು ಚಂದಾದಾರರ ಒಂದು ಕೂಟದ ಮೂಲಕ. ತಿಂಗಳಿಗೊಂದು ದೊಡ್ಡ ಚಿತ್ರ, ಆ ಚಂದಾಹಣದಿಂದ ಪತ್ರಿಕೆಯ ಮೇಲೆ ಬೀಳುವ ದಂಡ ಕಟ್ಟುವುದು, ಹೀಗಿತ್ತು ಏರ್ಪಾಡು. ಓದುಗರೇ ಸಂಪಾದಕನ ದಂಡಕ್ಕೆ ಹಣ ಕೂಡಿಸಿದರು. ಪೊಲೀಸರು ಕಲ್ಲನ್ನು ವಶಪಡಿಸಿಕೊಂಡರು, ಪ್ರತಿಗಳನ್ನು ಹುಡುಕಿ ಸುಟ್ಟರು. ಉಳಿದವು ಕೆಲವೇ ಪ್ರತಿ. ಇಂದು ಆ ಬೀದಿಯಲ್ಲಿ ನಡೆದದ್ದನ್ನು ಜಗತ್ತು ನೆನಪಿಟ್ಟಿರುವುದು ಹಾಗೆ ಉಳಿದ ಕಾಗದಗಳಿಂದ.

1835ರ ಜುಲೈನಲ್ಲಿ ರಾಜನ ಮೇಲೆ ಬಂದೂಕಿನ ದಾಳಿ ನಡೆಯಿತು. ಅದನ್ನೇ ನೆಪ ಮಾಡಿಕೊಂಡು ಸೆಪ್ಟೆಂಬರಿನಲ್ಲಿ ಕಾನೂನು ಬಂತು: ಚಿತ್ರವಾದರೆ ಮೊದಲೇ ಸರ್ಕಾರಕ್ಕೆ ತೋರಿಸಿ ಒಪ್ಪಿಗೆ ಪಡೆಯಬೇಕು. ಬರಹ ಬರೀ ಅಭಿಪ್ರಾಯ, ಚಿತ್ರವಾದರೋ ಕಣ್ಣಿಗೆ ನೇರ ಬೀಳುವ ಕೃತ್ಯ, ಆದ್ದರಿಂದ ಸೆನ್ಸಾರ್ ಇಲ್ಲವೆಂಬ ಹಳೆಯ ಮಾತು ಅದಕ್ಕೆ ಅನ್ವಯಿಸದು ಎಂದು ಮಂತ್ರಿಗಳು ವಾದಿಸಿದರು. ಅಧಿಕಾರಕ್ಕೆ ಸಾವಿರ ಶಬ್ದದ ಸಂಪಾದಕೀಯಕ್ಕಿಂತ ಹತ್ತು ಗೆರೆಯ ಭಯ ಹೆಚ್ಚು ಎಂಬುದನ್ನು ಸರ್ಕಾರವೇ ಹೀಗೆ ಬರೆದುಕೊಟ್ಟಿತು. 'ಲಾ ಕಾರಿಕಾತ್ಯೂರ್' ಮುಚ್ಚಿತು. ದೋಮಿಯೆ ವಕೀಲರು, ಮನೆ ಮಾಲೀಕರು, ಶೇರು ದಲ್ಲಾಳಿಗಳ ಕಡೆ ತಿರುಗಿದ. ಜೀವನದಲ್ಲಿ ಅವನು ಬರೆದ ಕಲ್ಲುಗಳು ನಾಲ್ಕು ಸಾವಿರದಷ್ಟು. ಕೊನೆಗೆ ಕಣ್ಣು ಮಂಜಾಗಿ 1879ರಲ್ಲಿ ತೀರಿಕೊಂಡ.

ಇನ್ನು ನಡೆಯೋಣ. ಶಿವಾಜಿನಗರದಿಂದ ಕಮರ್ಷಿಯಲ್ ಸ್ಟ್ರೀಟ್ ಹಾಯ್ದು ಕಾಮರಾಜ ರಸ್ತೆಗೆ ಬಂದರೆ ಬಲಗಡೆಗೆ ಪರೇಡ್ ಮೈದಾನ. 1809ರ ಸುಮಾರಿಗೆ ಬ್ರಿಟಿಷ್ ಪಡೆ ಇಲ್ಲಿ ಬಿಡಾರ ಹೂಡಿದ ಮೇಲೆ ಈ ಸೀಮೆಗೆ ದಂಡು ಎಂಬ ಹೆಸರು ಬಂತು. ಆ ಪಡೆ ಇಲ್ಲಿ ನೆಲೆಯೂರುವ ಮೊದಲೇ ಕನ್ನಡ ನೆಲ ಒಂದು ದೊಡ್ಡ ವ್ಯಂಗ್ಯಚಿತ್ರಕ್ಕೆ ವಸ್ತುವಾಗಿತ್ತು. 1791ರ ಮಾರ್ಚಿನಲ್ಲಿ ಬೆಂಗಳೂರು ಕೋಟೆ ಹಿಡಿದ ಲಾರ್ಡ್ ಕಾರ್ನ್‌ವಾಲಿಸ್, ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಾಗಿಲಿಂದ ಹಿಂದಕ್ಕೆ ಬರಬೇಕಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಲಂಡನ್ನಿನ ಜೇಮ್ಸ್ ಗಿಲ್‌ರೇ ತಾಮ್ರದ ತಗಡಿನಲ್ಲಿ ಆ ಹಿಮ್ಮೆಟ್ಟುವಿಕೆಯನ್ನು ಕೊರೆದ. ಕೋಟೆಯ ಮೇಲೆ ಟಿಪ್ಪು ಸುಲ್ತಾನ್ ಎದೆಯುಬ್ಬಿಸಿ ನಿಂತಿದ್ದಾನೆ, ಕೆಳಗೆ ಇಂಗ್ಲೆಂಡಿನ ಸೇನಾಪತಿ ಓಡುತ್ತಿದ್ದಾನೆ. ಯುದ್ಧ ಇನ್ನೂ ಮುಗಿದಿರಲಿಲ್ಲ. ತನ್ನ ದೇಶದ ಸೇನಾಪತಿಯನ್ನು ಯುದ್ಧದ ನಡುವೆಯೇ ಹಾಗೆ ತೋರಿಸಿದ ಧೈರ್ಯ ಆ ಕಲೆಯ ಹುಟ್ಟುಗುಣ.

1841ರಲ್ಲಿ ಲಂಡನ್ನಿನಲ್ಲಿ 'ಪಂಚ್' ಪತ್ರಿಕೆ ಹುಟ್ಟಿದಾಗ ತಾನು ಲಂಡನ್ನಿನ ಶಾರಿವಾರಿ ಎಂದೇ ಹೆಸರಿನ ಕೆಳಗೆ ಬರೆದುಕೊಂಡಿತು. ಪ್ಯಾರಿಸ್ಸಿನ ಸಾಲ ಅದು. ಪಂಚ್ ಹಡಗು ಹತ್ತಿ ನಮ್ಮ ದೇಶಕ್ಕೆ ಬಂತು. ಮುಂಬಯಿಯಲ್ಲಿ ಪಾರ್ಸಿ ಪಂಚ್, ಲಕ್ನೋದಲ್ಲಿ 1877ರಿಂದ ಅವಧ್ ಪಂಚ್ ಎಂದು ಮಕ್ಕಳು ಮರಿಗಳಾದವು. ಆಳುವವರ ಆಯುಧವನ್ನು ಆಳಿಸಿಕೊಂಡವರು ಕೈಗೆ ತೆಗೆದುಕೊಂಡರು.

ಕಾಮರಾಜ ರಸ್ತೆ ಎಂ.ಜಿ. ರಸ್ತೆಯನ್ನು ಸೇರುವಲ್ಲಿ ನಿಲ್ಲಿ. ಇದು ಆಗಿನ ಸೌತ್ ಪರೇಡ್. 1896ರಲ್ಲಿ ಈ ದಂಡಿಗೆ ಕುದುರೆ ದಳದ ತರುಣ ಅಧಿಕಾರಿಯಾಗಿ ವಿನ್‌ಸ್ಟನ್ ಚರ್ಚಿಲ್ ಬಂದ. ಮುಂದೆ ಆ ಮುಖ ಜಗತ್ತಿನ ವ್ಯಂಗ್ಯಚಿತ್ರಕಾರರೆಲ್ಲರ ಕುಂಚಕ್ಕೆ ಸಿಕ್ಕಿತು, ಅದರಲ್ಲೂ ನ್ಯೂಜಿಲೆಂಡಿನಿಂದ ಲಂಡನ್ನಿಗೆ ಬಂದ ಡೇವಿಡ್ ಲೋ ಅದನ್ನು ಬಿಡದೆ ಹಿಡಿದ. ಲೋ ಬರೆದ ಚಿತ್ರಗಳು ಆಗಾಗ 'ದಿ ಹಿಂದೂ' ಪತ್ರಿಕೆಯಲ್ಲಿ ಬರುತ್ತಿದ್ದವು. ಮೈಸೂರಿನ ಒಂದು ಮನೆಯಲ್ಲಿ ಹೆಡ್‌ಮಾಸ್ತರರ ಕಿರಿಯ ಮಗ ಅವನ್ನು ಕಣ್ಣು ಕೀಲಿಸಿ ನೋಡುತ್ತಿದ್ದ. ಸಹಿಯನ್ನು ಲೋ ಎಂದು ಓದಲು ಬಾರದೆ ಎಷ್ಟೋ ಕಾಲ ಅದನ್ನು 'ಕೌ' ಎಂದೇ ತಿಳಿದಿದ್ದನಂತೆ. ಆ ಹುಡುಗ ಆರ್.ಕೆ. ಲಕ್ಷ್ಮಣ್, 1921ರಲ್ಲಿ ಹುಟ್ಟಿದವರು.

ಲಕ್ಷ್ಮಣರ ಎಳೆಯ ಗೆರೆಗಳಿಗೆ ಜಾಗ ಕೊಟ್ಟವರಲ್ಲಿ ಬೆಂಗಳೂರಿನ ಒಬ್ಬ ಡಾಕ್ಟರು ಮುಖ್ಯ. ಡಾ. ಎಂ. ಶಿವರಾಂ, ಓದುಗರಿಗೆ 'ರಾಶಿ'. 1942ರಲ್ಲಿ ಅವರು ಹೊರಡಿಸಿದ 'ಕೊರವಂಜಿ' ಮಾಸಪತ್ರಿಕೆ ಕನ್ನಡಿಗರಿಗೆ ನಗುವುದನ್ನೂ ನಗುವಿನ ಹಿಂದೆ ಯೋಚಿಸುವುದನ್ನೂ ಕಲಿಸಿತು. ಯುದ್ಧಕಾಲ, ಕಾಗದಕ್ಕೆ ಬರ, ರೇಷನ್ನಿಗೆ ಸಾಲು. ಆ ಕಾಲದಲ್ಲಿ ಒಬ್ಬ ವೈದ್ಯ ರೋಗಿಗಳ ನಡುವೆ ಬಿಡುವು ಮಾಡಿಕೊಂಡು ಹಾಸ್ಯಪತ್ರಿಕೆ ನಡೆಸಿದರು, ಅದರಲ್ಲಿ ಲಕ್ಷ್ಮಣರ ಚಿತ್ರಗಳು ಬಂದವು. ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ನಿರಾಕರಿಸಿದ್ದ ಹುಡುಗನನ್ನು ಕನ್ನಡದ ಒಂದು ಪತ್ರಿಕೆ ಕೈಹಿಡಿದಿತ್ತು ಎಂಬುದು ನಮ್ಮ ಹೆಮ್ಮೆ.

ಮುಂಬಯಿಗೆ ಹೋಗಿ ಟೈಮ್ಸ್ ಆಫ್ ಇಂಡಿಯಾ ಸೇರಿದ ಲಕ್ಷ್ಮಣ್ ಮೊದಮೊದಲು ದೇಶದ ಜನರನ್ನು ತೋರಿಸಲು ಬಂಗಾಳಿ, ತಮಿಳ, ಪಂಜಾಬಿ ಎಂದು ಗುಂಪನ್ನೇ ಬರೆಯುತ್ತಿದ್ದರು. ದಿನವೂ ಗಡುವು ಬೆನ್ನಿಗಿತ್ತು. ಗುಂಪು ಕರಗುತ್ತ ಹೋಗಿ ಕೊನೆಗೆ ಒಬ್ಬ ಉಳಿದ. ಪಂಚೆ, ಚೌಕಳಿ ಕೋಟು, ದುಂಡು ಕನ್ನಡಕ, ತಲೆಯ ಹಿಂದೆ ಎರಡು ಎಳೆ ಬಿಳಿಗೂದಲು. 1951ರಿಂದ ಆ ಶ್ರೀಸಾಮಾನ್ಯ ಒಂದು ಮಾತೂ ಆಡದೆ ಎಲ್ಲ ಸರ್ಕಾರಗಳ ಪಕ್ಕದಲ್ಲಿ ನಿಂತ. ದೋಮಿಯೆಯ ಕಾಲದಲ್ಲಿ ಚಿತ್ರದ ನಡುವೆ ಇದ್ದದ್ದು ದೊರೆ, ಇಲ್ಲಿ ಪ್ರಜೆಯೂ ಚೌಕಟ್ಟಿನೊಳಗೆ ಬಂದ. ಮಂತ್ರಿ ಆಡುವ ಸುಳ್ಳನ್ನು ನಾವು ಅಳೆಯುವುದು ಪಕ್ಕದಲ್ಲಿ ನಿಂತವನ ಹುಬ್ಬಿನಿಂದ. ಈ ಕಲೆಗೆ ಭಾರತ ಕೊಟ್ಟ ದೊಡ್ಡ ಕೊಡುಗೆ ಇದೆಂದು ನಾನು ನಂಬಿದ್ದೇನೆ.

ಎಂ.ಜಿ. ರಸ್ತೆಯಲ್ಲಿ ಪೂರ್ವಕ್ಕೆ ತಿರುಗಿ ನಡೆಯಿರಿ. 75ನೇ ನಂಬರಿನ ಕಟ್ಟಡದ ಮುಂದೆ ನಿಂತು 1948ಕ್ಕೆ ಹೋಗಿ. ದಂಡು ಮತ್ತು ಪೇಟೆ ಒಂದೇ ನಗರಪಾಲಿಕೆಯಡಿ ಸೇರಲು ಇನ್ನೂ ಒಂದು ವರ್ಷವಿದೆ. ಇಂಗ್ಲಿಷ್ ಬೋರ್ಡುಗಳ ಈ ಬೀದಿಯಲ್ಲಿ ಕೆ.ಎನ್. ಗುರುಸ್ವಾಮಿಯವರು ಜೂನ್ 17ರಂದು 'ಡೆಕ್ಕನ್ ಹೆರಾಲ್ಡ್', ಅಕ್ಟೋಬರ್ 15ರಂದು 'ಪ್ರಜಾವಾಣಿ' ಶುರುಮಾಡುತ್ತಾರೆ. ದಂಡಿನ ನಡುವಿನಿಂದ ಕನ್ನಡದ ದಿನಪತ್ರಿಕೆಯೊಂದು ನಾಡಿಗೆಲ್ಲ ಹೊರಡುತ್ತದೆ.

ಅಚ್ಚುಮೊಳೆಯ ಆ ಕಾಲದಲ್ಲಿ ಯಾವ ಪತ್ರಿಕಾಲಯದಲ್ಲೇ ಆಗಲಿ ಸಂಜೆ ಹೀಗಿರುತ್ತಿತ್ತು. ಕಲಾವಿದ ಬಿಳಿ ರಟ್ಟಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿ, ಬ್ರಷ್ಷಿನಿಂದ ಕಪ್ಪು ಶಾಯಿ ಎಳೆಯುತ್ತಾನೆ. ಸಂಪಾದಕರು ನೋಡುತ್ತಾರೆ, ಅಡಿಬರಹದಲ್ಲಿ ಒಂದು ಶಬ್ದ ಬದಲಾಗುತ್ತದೆ. ಚಿತ್ರ ಬ್ಲಾಕ್ ಮಾಡುವವರ ಕೈಗೆ ಹೋಗುತ್ತದೆ. ಅವರು ಅದನ್ನು ಕ್ಯಾಮೆರಾದಲ್ಲಿ ಹಿಡಿದು, ಸತುವಿನ ತಗಡಿಗೆ ಇಳಿಸಿ, ಆಮ್ಲದಲ್ಲಿ ಅದ್ದುತ್ತಾರೆ. ಗೆರೆ ಬಿಟ್ಟು ಉಳಿದದ್ದನ್ನೆಲ್ಲ ಆಮ್ಲ ತಿನ್ನುತ್ತದೆ. ತಗಡನ್ನು ಮರದ ತುಂಡಿಗೆ ಹೊಡೆದು ಮೊಳೆಗಳ ನಡುವೆ ಕೂರಿಸುತ್ತಾರೆ. ಬೆಳಗಿನ ಜಾವ ಬಸ್ಸಿನ ಮೇಲೇರಿದ ಕಟ್ಟುಗಳಲ್ಲಿ ಆ ಗೆರೆ ಹಳ್ಳಿಯ ಹೋಟೆಲಿನ ಬೆಂಚಿಗೆ ಬಂದು ತಲುಪುತ್ತದೆ. ಓದುಬಾರದ ಹಿರಿ ಜೀವ ಪಕ್ಕದ ಹುಡುಗನನ್ನು ಕೇಳುತ್ತದೆ, "ಅದೇನಪ್ಪ, ಯಾರಿಗೆ ಬೈದವ್ರೆ?"

ಡೆಕ್ಕನ್ ಹೆರಾಲ್ಡಿನಲ್ಲಿ ಬಿ.ವಿ. ರಾಮಮೂರ್ತಿ ದಶಕಗಳ ಕಾಲ ಬರೆದರು. ಅವರ 'ಮಿಸ್ಟರ್ ಸಿಟಿಜನ್' ಬೆಂಗಳೂರಿನ ನಾಗರಿಕನ ಮುಖವಾಗಿ ದಿನವೂ ಹಾಜರಾಗುತ್ತಿದ್ದ. ಇದೇ ಬಳಗದ ಪತ್ರಿಕೆಗೆ 1980ರ ದಶಕದಲ್ಲಿ ಮಾಯಾ ಕಾಮತ್ ಬಂದರು. ಸಂಸಾರದ ಸುತ್ತ ಹೆಣೆದ ಚಿತ್ರಸಾಲಿನಿಂದ ಆರಂಭಿಸಿ ನೇರ ರಾಜಕೀಯಕ್ಕೆ ಕೈ ಹಾಕಿದರು. ಗಂಡಸರೇ ತುಂಬಿದ್ದ ಆ ಕೆಲಸದಲ್ಲಿ ಪ್ರಧಾನಿಗಳನ್ನೂ ಪಕ್ಷಗಳನ್ನೂ ಚಿತ್ರದಲ್ಲಿ ವಿಚಾರಿಸಿಕೊಂಡ ಬೆರಳೆಣಿಕೆಯ ಹೆಂಗಸರಲ್ಲಿ ಒಬ್ಬರು. ಐವತ್ತು ತುಂಬಿದ ವರ್ಷವೇ, 2001ರಲ್ಲಿ, ಹೋಗಿಬಿಟ್ಟರು. ಅವರ ಮೂಲಚಿತ್ರಗಳನ್ನು ಮುಂಬಯಿಯ 'ಸ್ಪ್ಯಾರೋ' ಮಹಿಳಾ ದಾಖಲೆ ಸಂಗ್ರಹ ಕಾಪಾಡಿದೆ. ಪ್ರಜಾವಾಣಿಯ ಓದುಗರು ಪತ್ರಿಕೆ ಬಿಡಿಸುತ್ತಲೇ ಹುಡುಕುವ 'ಚಿನಕುರಳಿ'ಯೂ, ಪಿ. ಮಹಮ್ಮದ್ ಅವರ ಮೊನಚು ಚಿತ್ರಗಳೂ ಇದೇ ಪರಂಪರೆಯ ಕೂಸುಗಳು.

1835ರ ಪ್ಯಾರಿಸ್ 1975ರಲ್ಲಿ ನಮ್ಮಲ್ಲಿಗೂ ಬಂತು. ತುರ್ತು ಪರಿಸ್ಥಿತಿಯಲ್ಲಿ ಪತ್ರಿಕೆಗಳು ಅಚ್ಚಿಗೆ ಮೊದಲು ಸೆನ್ಸಾರಿಗೆ ತೋರಿಸಬೇಕಾಯಿತು. ದೇಶದ ವ್ಯಂಗ್ಯಚಿತ್ರಕಾರರಿಗೆ ಗುರುಮನೆಯಂತಿದ್ದ 'ಶಂಕರ್ಸ್ ವೀಕ್ಲಿ' ಆ ಆಗಸ್ಟಿನಲ್ಲಿ ನಿಂತಿತು. ಡಿಸೆಂಬರ್ 10ರ ಇಂಡಿಯನ್ ಎಕ್ಸ್‌ಪ್ರೆಸ್ಸಿನಲ್ಲಿ ಅಬು ಅಬ್ರಹಾಂ ಬರೆದದ್ದು ಒಂದು ಸ್ನಾನದ ತೊಟ್ಟಿ. ಅದರಲ್ಲಿ ಕೂತೇ ರಾಷ್ಟ್ರಪತಿಗಳು ಸುಗ್ರೀವಾಜ್ಞೆಗೆ ಸಹಿ ಹಾಕಿ ಬಾಗಿಲಾಚೆ ಕೊಡುತ್ತಿದ್ದಾರೆ. ಆ ಇಪ್ಪತ್ತೊಂದು ತಿಂಗಳ ಬಗ್ಗೆ ಎಷ್ಟೋ ಪುಸ್ತಕ ಬಂದಿವೆ. ಸಂವಿಧಾನಕ್ಕೆ ಏನಾಗಿತ್ತು ಎಂಬುದನ್ನು ಆ ಒಂದು ತೊಟ್ಟಿ ಹೇಳಿದಷ್ಟು ಚೊಕ್ಕವಾಗಿ ಹೇಳಿದವು ಕಡಿಮೆ.

ರಸ್ತೆಯಲ್ಲಿ ಇನ್ನೂ ಮುಂದೆ ಟ್ರಿನಿಟಿ ವೃತ್ತದ ಕಡೆಗೆ ಬನ್ನಿ. ಕೆ.ಆರ್. ಪುರ, ಇಂದಿರಾನಗರ, ಹಲಸೂರಿನ ಕಡೆಯವರಿಗೆ ಇನ್ನೂ ಸುಲಭ, ನೇರಳೆ ಮಾರ್ಗದ ಮೆಟ್ರೊ ಹತ್ತಿ ಹಲಸೂರಿನ ಮುಂದಿನ ನಿಲ್ದಾಣದಲ್ಲಿ ಇಳಿದರಾಯಿತು. ದೊಡ್ಡ ರಸ್ತೆಯ ಗದ್ದಲ ಬಿಟ್ಟು ಮಿಡ್‌ಫೋರ್ಡ್ ಗಾರ್ಡನ್ ಓಣಿಗೆ ತಿರುಗಿದರೆ ಮಿಡ್‌ಫೋರ್ಡ್ ಹೌಸ್. ಇಲ್ಲಿದೆ ಭಾರತೀಯ ವ್ಯಂಗ್ಯಚಿತ್ರ ಗ್ಯಾಲರಿ. ಕನ್ನಡ ಪತ್ರಿಕೆಗಳಲ್ಲಿ ಗೆರೆ ಎಳೆದು ಬೆಳೆದ ವಿ.ಜಿ. ನರೇಂದ್ರ ಮುಂದೆ ನಿಂತು 2001ರಲ್ಲಿ ವ್ಯಂಗ್ಯಚಿತ್ರಕಾರರ ಸಂಸ್ಥೆ ಕಟ್ಟಿದರು. ಗ್ಯಾಲರಿ ಬಾಗಿಲು ತೆರೆದದ್ದು 2007ರಲ್ಲಿ. ಮಾಯಾ ಕಾಮತ್ ಅವರ ಹೆಸರಿನಲ್ಲಿ ರಾಜಕೀಯ ವ್ಯಂಗ್ಯಚಿತ್ರಕ್ಕೆ ಪ್ರಶಸ್ತಿ ಕೊಡುವುದೂ ಈ ಸಂಸ್ಥೆಯೇ.

ಒಳಗೆ ಗೋಡೆಯುದ್ದಕ್ಕೂ ಚೌಕಟ್ಟುಗಳು. ಪ್ರದರ್ಶನಗಳು ಬದಲಾಗುತ್ತಿರುತ್ತವೆ, ಈ ವಾರ ಒಬ್ಬರ ಗೆರೆ, ಇನ್ನೊಂದು ವಾರ ಇನ್ನೊಬ್ಬರದು. ಮೂಲಚಿತ್ರ ಸಿಕ್ಕಿದರೆ ಹತ್ತಿರ ಹೋಗಿ ನೋಡಿ. ಶಾಯಿಯ ಕೆಳಗೆ ಅಳಿಸದೆ ಉಳಿದ ಪೆನ್ಸಿಲ್ ಗೆರೆ ಇರಬಹುದು. ತಪ್ಪಿದಲ್ಲಿ ಬಿಳಿ ಬಣ್ಣ ಹಚ್ಚಿ ಮುಚ್ಚಿರಬಹುದು. ಅಂಚಿನಲ್ಲಿ ಎಷ್ಟು ಕಾಲಂ ಅಗಲ ಬೇಕೆಂದು ಬರೆದ ಗುರುತು ಇರಬಹುದು. ಪತ್ರಿಕೆಯಲ್ಲಿ ಅಂಗೈಯಗಲ ಬಂದಿದ್ದ ಚಿತ್ರ ಇಲ್ಲಿ ದೊಡ್ಡದಾಗಿ, ಬರೆದವನ ಉಸಿರು ಕೇಳುವಷ್ಟು ಹತ್ತಿರವಾಗಿ ನಿಂತಿರುತ್ತದೆ.

ಜೊತೆಗೆ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದೀರಿ ಎಂದಿಟ್ಟುಕೊಳ್ಳಿ. ಅವಳು ಒಂದು ಮುಖದ ಮುಂದೆ ನಿಂತು ಕೇಳುತ್ತಾಳೆ, "ತಾತ, ಇದ್ಯಾರು? ಕಿವಿ ಯಾಕೆ ಇಷ್ಟು ದೊಡ್ಡದು?" ನೀವು ಹೆಸರು ಹೇಳುತ್ತೀರಿ. "ಅವರಿಗೆ ಕೋಪ ಬರಲಿಲ್ವಾ?" ಅದು ಫಿಲಿಪೋನ್‌ನ ಕೋರ್ಟಿನಲ್ಲಿ ಎದ್ದ ಪ್ರಶ್ನೆಯೇ. ಕೋಪ ಬಂದಿರಬಹುದು ಮಗಳೇ, ಆದರೆ ಬರೆದವರು ಬರೆಯುತ್ತ ಹೋದರು, ಪತ್ರಿಕೆ ಅಚ್ಚು ಹಾಕುತ್ತ ಹೋಯಿತು, ಅವರೂ ಮಾರನೆಯ ದಿನ ಅದೇ ಪತ್ರಿಕೆ ಓದಿದರು ಎಂದು ಹೇಳುವಂತಿದ್ದರೆ ಆ ಕಾಲ ಒಳ್ಳೆಯದಿತ್ತು. ಹಾಗೆ ಹೇಳಲಾಗದಿದ್ದರೆ ಆ ಕಾಲದ ಬಗ್ಗೆ ಮಗುವಿಗೆ ಇನ್ನೂ ಹೆಚ್ಚು ಹೇಳಬೇಕು. ಪ್ರಜಾಪ್ರಭುತ್ವದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕೋಣೆ ಬೆಂಗಳೂರಿನಲ್ಲಿ ನಾನು ಕಂಡಿಲ್ಲ.

ಈ ಗೋಡೆಗಳು ಹೊಸ ಗೆರೆಗಳಿಂದ ತುಂಬುತ್ತಲೇ ಇರುತ್ತವೆಯೇ ಎಂಬುದು ಈಗಿನ ಚಿಂತೆ. 2015ರ ಜನವರಿ 7ರಂದು ದೋಮಿಯೆಯ ಪ್ಯಾರಿಸ್ಸಿನಲ್ಲೇ 'ಶಾರ್ಲಿ ಎಬ್ದೊ' ಪತ್ರಿಕೆಗೆ ಬಂದೂಕು ನುಗ್ಗಿ ಹನ್ನೆರಡು ಜನರ ಜೀವ ಹೋಯಿತು, ಅವರಲ್ಲಿ ವ್ಯಂಗ್ಯಚಿತ್ರಕಾರರೂ ಇದ್ದರು. 2019ರಲ್ಲಿ ನ್ಯೂಯಾರ್ಕ್ ಟೈಮ್ಸ್ ತನ್ನ ಅಂತರರಾಷ್ಟ್ರೀಯ ಆವೃತ್ತಿಯಲ್ಲಿ ದಿನದ ರಾಜಕೀಯ ವ್ಯಂಗ್ಯಚಿತ್ರವನ್ನೇ ನಿಲ್ಲಿಸಿತು. ಬಂದೂಕಿನಿಂದ ನಿಲ್ಲದ ಗೆರೆ, ಜಾಗವಿಲ್ಲ ಎಂಬ ಒಂದು ಮಾತಿಗೆ ನಿಂತುಬಿಡಬಹುದು. ಮೊಬೈಲಿನಲ್ಲಿ ನಗೆಚಿತ್ರಗಳಿಗೆ ಕೊರತೆಯಿಲ್ಲ ನಿಜ. ಆದರೆ ಅಲ್ಲಿ ಓಡಾಡುವ ಎಷ್ಟೋ ಚಿತ್ರಗಳಿಗೆ ಬರೆದವರ ಹೆಸರಿಲ್ಲ, ಹೊಣೆ ಹೊರುವವರಿಲ್ಲ. ದೋಮಿಯೆ ಕಲ್ಲಿನ ಮೂಲೆಯಲ್ಲಿ ತನ್ನ ಸಹಿ ಹಾಕುತ್ತಿದ್ದ. ಮಾಯಾ ಕಾಮತ್ 'ಮಾಯಾ' ಎಂದು ಹಾಕುತ್ತಿದ್ದರು. ಹೇಳಿದ್ದು ನಾನೇ ಎಂದು ನಿಲ್ಲುವವರಿದ್ದಾಗ ಮಾತ್ರ ಅಧಿಕಾರ ಆ ಗೆರೆಗೆ ಉತ್ತರ ಕೊಡಬೇಕಾಗುತ್ತದೆ.

ಆದ್ದರಿಂದ ಮೂರು ಕೆಲಸ ನಮ್ಮ ಪಾಲಿಗಿವೆ. ಶಾಲೆ ಕಾಲೇಜಿನವರು ಮಕ್ಕಳನ್ನು ಮಿಡ್‌ಫೋರ್ಡ್ ಹೌಸಿಗೆ ಕರೆತರಲಿ. ಕನ್ನಡ ಪತ್ರಿಕೆಗಳ ಹಳೆಯ ವ್ಯಂಗ್ಯಚಿತ್ರಗಳ ಮೂಲಪ್ರತಿ ಯಾರ ಮನೆಯ ಅಟ್ಟದಲ್ಲಿದ್ದರೂ ರದ್ದಿಗೆ ಹೋಗದಂತೆ ಗ್ಯಾಲರಿಗೋ ವಿಶ್ವವಿದ್ಯಾಲಯಕ್ಕೋ ತಲುಪಲಿ. ಕೊರವಂಜಿಯ ಕಾಲದವು ಇದ್ದರಂತೂ ತಡಮಾಡುವುದು ಬೇಡ. ಕೊನೆಯದಾಗಿ, ನೀವು ಚಂದಾ ಕಟ್ಟುವ ಪತ್ರಿಕೆಯಲ್ಲಿ ದಿನದ ರಾಜಕೀಯ ವ್ಯಂಗ್ಯಚಿತ್ರ ಇಲ್ಲವಾದರೆ ಸಂಪಾದಕರಿಗೆ ಪತ್ರ ಬರೆಯಿರಿ, ಯಾಕಿಲ್ಲ ಎಂದು ಕೇಳಿರಿ. ಇದ್ದರೆ, ಚೆನ್ನಾಗಿದ್ದ ದಿನ ಬರೆದವರ ಹೆಸರು ಹಿಡಿದು ಮೆಚ್ಚುಗೆ ತಿಳಿಸಿ. ಪ್ಯಾರಿಸ್ಸಿನ ಓದುಗರು ತಮ್ಮ ಚಂದಾದಿಂದ ಪತ್ರಿಕೆಯ ದಂಡ ಕಟ್ಟಿ ಆ ಗೆರೆಯನ್ನು ಉಳಿಸಿಕೊಂಡರು. ನಮ್ಮಿಂದ ಅಷ್ಟು ಬೇಕಾಗಿಲ್ಲ, ಒಂದು ಪತ್ರ ಸಾಕು.